ಬೂಟಾ ಸಿಂಗ್ ಕಥೆಯ ಹಿಂದಿದ್ದ ಕಾನೂನು

1999ರ ಪಂಜಾಬಿ ಸಿನಿಮಾ ‘ಶಹೀದ್-ಎ-ಮೊಹಬ್ಬತ್ ಬೂಟಾ ಸಿಂಗ್’ ನೋಡಿದವರಿಗೆ ಗುರುದಾಸ್ ಮಾನ್ ಹಾಡು, ದಿವ್ಯಾ ದತ್ತಾ ಅಭಿನಯ ನೆನಪಿರುತ್ತವೆ. ಮನೋಜ್ ಪುಂಜ್ ನಿರ್ದೇಶಿಸಿದ ಈ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ನಾಯಕಿ ಜೈನಬ್‌ಳನ್ನು ಗಂಡನ ಮನೆಯಿಂದ ಕರೆದೊಯ್ದವರು ಗಲಭೆಕೋರರಲ್ಲ, ಸರ್ಕಾರದವರೇ. ಅದೂ ಕಾನೂನುಬದ್ಧವಾಗಿ!

ಇದು ನಿಜವಾಗಿ ನಡೆದ ಕಥೆ. ಬೂಟಾ ಸಿಂಗ್ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಕಾದಾಡಿ ಊರಿಗೆ ಮರಳಿದ್ದ ಸಿಖ್ ಸೈನಿಕ. ದೇಶ ಒಡೆದಾಗ ಗಲಭೆಗೆ ಸಿಕ್ಕ ಮುಸ್ಲಿಂ ಹುಡುಗಿ ಜೈನಬ್‌ಳನ್ನು ದುಡ್ಡು ಕೊಟ್ಟು ಬಿಡಿಸಿಕೊಂಡ. ಆಮೇಲೆ ಅವಳನ್ನೇ ಮದುವೆಯಾದ. ಮಗಳು ಹುಟ್ಟಿದಳು.

ಆ ಹೊತ್ತಿಗೆ ಪಂಜಾಬಿನ ಎರಡೂ ಕಡೆ ಸಾವಿರಾರು ಹೆಂಗಸರ ಅಪಹರಣ ನಡೆದಿತ್ತು. ಮನೆಯವರು ಹುಡುಕಿಕೊಡಿ ಎಂದು ಅಳುತ್ತಿದ್ದರು. 1947ರ ಡಿಸೆಂಬರ್‌ನಲ್ಲಿ ಭಾರತ, ಪಾಕಿಸ್ತಾನ ಇಂಥವರನ್ನು ಹುಡುಕಿ ವಾಪಸು ಕಳಿಸುವ ಒಪ್ಪಂದಕ್ಕೆ ಬಂದವು. ಸಮಾಜ ಸೇವಕಿ ಮೃದುಲಾ ಸಾರಾಭಾಯ್ ಅವರಂಥವರು ಹಳ್ಳಿ ಹಳ್ಳಿ ಹುಡುಕಿಸಿದರು. ಅಲ್ಲಿವರೆಗೆ ಸರಿಯೇ, ಅಲ್ವಾ?

ತೊಡಕು ಶುರುವಾದದ್ದು ಇದಕ್ಕಾಗಿ ಭಾರತ 1949ರಲ್ಲಿ ತಂದ ಕಾಯ್ದೆಯಿಂದ. 1947ರ ಮಾರ್ಚ್ 1ರ ನಂತರ ಮನೆಯವರಿಂದ ಬೇರೆಯಾಗಿ, ಬೇರೆಯವರ ಜತೆ ಇರುವ ಮುಸ್ಲಿಂ ಹೆಂಗಸು ‘ಅಪಹೃತಳು’ ಎಂದು ಅದು ಹೇಳಿತು. ಅವಳ ವಯಸ್ಸು ಎಷ್ಟೇ ಇರಲಿ. ಪೊಲೀಸರಿಗೆ ವಾರಂಟ್ ಬೇಡ. ತಕರಾರು ಬಂದರೆ ಟ್ರಿಬ್ಯೂನಲ್ ತೀರ್ಮಾನಿಸುತ್ತದೆ. ‘ನಾನು ಇಲ್ಲೇ ಇರ್ತೀನಿ’ ಎಂದು ಅವಳೇ ಹೇಳಿದರೂ ಆ ಮಾತಿಗೆ ಕಾನೂನಿನಲ್ಲಿ ಬೆಲೆ ಇರಲಿಲ್ಲ. ಇದು ಮೂಲಭೂತ ಹಕ್ಕಿಗೆ ವಿರುದ್ಧ ಎಂದು ಪಂಜಾಬ್ ಹೈಕೋರ್ಟ್ ಹೇಳಿತ್ತು. 1952ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ಕಾಯ್ದೆಯನ್ನು ಎತ್ತಿಹಿಡಿಯಿತು. ಎರಡೂ ದೇಶ ಸೇರಿ ಸುಮಾರು 30,000 ಹೆಂಗಸರನ್ನು ಹೀಗೆ ವಾಪಸು ಕಳಿಸಿದವು. ಮನೆ ಸೇರಿ ಬದುಕಿಕೊಂಡವರೂ ಅವರಲ್ಲಿದ್ದರು. ಎರಡನೇ ಸಲ ಕಿತ್ತುಹೋದವರೂ ಇದ್ದರು.

ಜೈನಬ್ ಪಾಕಿಸ್ತಾನಕ್ಕೆ ಹೋದಳು. ಬೂಟಾ ಸಿಂಗ್ ಸುಮ್ನೆ ಕೂರಲಿಲ್ಲ. ಮತಾಂತರವಾಗಿ ಜಮೀಲ್ ಅಹ್ಮದ್ ಎಂದು ಹೆಸರು ಬದಲಿಸಿಕೊಂಡ, ಪರವಾನಗಿ ಇಲ್ಲದೆ ಗಡಿ ದಾಟಿ ಸಿಕ್ಕಿಬಿದ್ದ. ಅಷ್ಟರಲ್ಲಿ ಜೈನಬ್‌ಗೆ ಮನೆಯವರು ಬೇರೆ ಮದುವೆ ಮಾಡಿದ್ದರು. ಕೋರ್ಟಿನಲ್ಲಿ, ಬಂಧುಗಳೆಲ್ಲ ಸುತ್ತ ನಿಂತಿದ್ದಾಗ, ಅವನ ಜತೆ ಹೋಗುವುದಿಲ್ಲ ಎಂದಳು ಜೈನಬ್. 1957ರಲ್ಲಿ ಲಾಹೋರ್ ಹತ್ತಿರದ ಶಾಹದರಾ ನಿಲ್ದಾಣದಲ್ಲಿ ಅವನು ಮಗಳನ್ನು ಎತ್ತಿಕೊಂಡೇ ರೈಲಿನ ಮುಂದೆ ಹಾರಿದ. ಮಗು ಉಳಿಯಿತು. ಭಾರತದ ಆ ಕಾಯ್ದೆಯ ಅವಧಿ ಮುಗಿದದ್ದೂ ಅದೇ ವರ್ಷ.

2001ರ ಹಿಂದಿಯ ‘ಗದರ್’ ಇದೇ ಎಳೆ ಹಿಡಿದು, ನಾಯಕ ಹೆಂಡತಿಯನ್ನು ಗೆದ್ದು ತರುವಂತೆ ತಿರುಗಿಸಿತು. ದುಡ್ಡೂ ಜಾಸ್ತಿ ಮಾಡಿತು. ಪಂಜಾಬಿ ಚಿತ್ರ ಸೋಲನ್ನು ಸೋಲಾಗಿಯೇ ಬಿಟ್ಟಿದೆ. ನನಗೆ ಅದೇ ಇಷ್ಟ. ಆದರೂ ಅದು ನಿಲ್ಲುವುದು ಬೂಟಾ ಸಿಂಗ್ ಪಕ್ಕದಲ್ಲಿ. ಜೈನಬ್‌ಳಂಥವರ ಕಡೆಯಿಂದ ಈ ಕಥೆ ಕೇಳಲು ಹೊರಟವರು ಲೇಖಕಿಯರಾದ ಊರ್ವಶಿ ಬುಟಾಲಿಯಾ, ರಿತು ಮೆನನ್, ಕಮಲಾ ಭಾಸಿನ್. ಅವರ ಪುಸ್ತಕಗಳು ಬಂದದ್ದು 1998ರಲ್ಲಿ, ಈ ಸಿನಿಮಾಕ್ಕಿಂತ ಸ್ವಲ್ಪ ಮೊದಲು.