ಈ ಹಾಡು ಯಾರದು?

ನಾಲ್ಕು ಹಾಡು ರೆಕಾರ್ಡ್ ಆಗಿ ಮುಗಿದಿತ್ತು. ಹಾಡಿದವಳು ಗಿಟಾರನ್ನು ಕೇಸಿನೊಳಗೆ ಇಡುತ್ತಿದ್ದಳು, ನಾನು ಕೇಬಲ್ ಸುತ್ತುತ್ತಿದ್ದೆ. ಯಾವಾಗಲೂ ಕೇಳುವ ಹಾಗೆ ಕೇಳಿದೆ: "ನಾಲ್ಕನ್ನೂ ಬರೆದವರು ಯಾರು?"

"ನಾನೇ ಅಲ್ವಾ ಸರ್, ಇನ್ಯಾರು?" ಅಂದಳು. ಆಮೇಲೆ ಕೇಸಿನ ಮುಚ್ಚಳ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಳು. "ನಾಲ್ಕನೇದರ ಪಲ್ಲವಿ ಮಾತ್ರ ನಮ್ಮಜ್ಜಿ ಗುನುಗ್ತಾ ಇದ್ದ ಮಟ್ಟು. ಜಾನಪದ ಇರಬೇಕು."

ಈ "ಇರಬೇಕು" ಕಿವಿಗೆ ಬಿದ್ದರೆ ನಾನು ಕೇಬಲ್ ಕೆಳಗಿಟ್ಟು ಕೂತುಬಿಡುತ್ತೇನೆ.

ಗಿಟಾರ್ ಹಿಡಿದು ತಮ್ಮದೇ ಹಾಡು ಹಾಡುವವರನ್ನು ರೆಕಾರ್ಡ್ ಮಾಡುವುದು, ಸಣ್ಣ ವೇದಿಕೆಗಳಲ್ಲಿ ಅವರ ಸೌಂಡ್ ನೋಡಿಕೊಳ್ಳುವುದು ನನ್ನ ಕೆಲಸ. ಬರುವವರ ಹಿಂದೆ ಲೇಬಲ್ ಇರುವುದಿಲ್ಲ, ಮ್ಯಾನೇಜರ್ ಇರುವುದಿಲ್ಲ. ಎಲ್ಲ ಅವರೇ. ನನ್ನನ್ನು ಕೇಳುವುದೆಲ್ಲ ಮೈಕ್ ಯಾವುದು, ತಂತಿ ಯಾವುದು, ರೀಲ್ಸ್‌ಗೆ ಎಷ್ಟು ಸೆಕೆಂಡ್ ಕತ್ತರಿಸಬೇಕು ಅಂತ. ಬರೆದವರ ಹೆಸರಿನ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಮೊದಮೊದಲು ನಾನೂ ಎತ್ತುತ್ತಿರಲಿಲ್ಲ.

ಬುದ್ಧಿ ಬಂದದ್ದು ನಾನೇ ಎಡವಟ್ಟು ಮಾಡಿದ ಮೇಲೆ. ಇಬ್ಬರು ಗೆಳೆಯರು ಬಂದಿದ್ದರು. ಒಬ್ಬ ಹಾಡುತ್ತಿದ್ದ, ಇನ್ನೊಬ್ಬನದು ಎರಡನೇ ಗಿಟಾರ್. ಮಿಕ್ಸ್ ಮುಗಿಯುವ ಹೊತ್ತಿಗೆ ರಾತ್ರಿ ಎರಡು ಗಂಟೆ. ಹಾಡನ್ನು ಸ್ಟ್ರೀಮಿಂಗ್ ಆಪ್‌ಗಳಿಗೆ ಕಳಿಸುವ ಫಾರಂ ನಾನೇ ತುಂಬಿಕೊಡ್ತೀನಿ ಅಂದೆ, ದೊಡ್ಡ ಉಪಕಾರ ಅನ್ನುವ ಹಾಗೆ. ರಚನೆ ಯಾರದು ಅನ್ನುವ ಕಾಲಂನಲ್ಲಿ ಹಾಡಿದವನ ಹೆಸರು ಹಾಕಿ ಮಲಗಿದೆ. ಸಾಹಿತ್ಯ ಪೂರ್ತಿ ಇನ್ನೊಬ್ಬನದು ಅಂತ ಗೊತ್ತಾಗಿದ್ದು ಎರಡು ವರ್ಷದ ನಂತರ, ಒಂದು ಕಿರುಚಿತ್ರದವರು ಆ ಹಾಡು ಬೇಕು ಅಂತ ಕೇಳಿದಾಗ. ದಾಖಲೆಯಲ್ಲಿ ಹಾಡು ಒಬ್ಬನದೇ. "ಬೇಕಂತಲೇ ಮಾಡಿದೆ" ಅಂತ ಗೆಳೆಯನ ಮೇಲೆ ಇನ್ನೊಬ್ಬ ಎಗರಿದ. ಮಾಡಿದ್ದು ನಾನು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕಿರುಚಿತ್ರದವರು ಬೇರೆ ಹಾಡು ನೋಡಿಕೊಂಡರು. ಆ ಇಬ್ಬರು ಮತ್ತೆ ಒಟ್ಟಿಗೆ ನನ್ನ ಹತ್ತಿರ ಬಂದಿಲ್ಲ.

ಅವತ್ತಿನಿಂದ ಮಿಕ್ಸರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇದೆ. ಹಾಡಿನ ಹೆಸರು, ಮಾತು ಯಾರದು, ಮಟ್ಟು ಯಾರದು, ಯಾರಿಗೆ ಎಷ್ಟು ಪಾಲು, ತಾರೀಖು, ಸಹಿ. ಎಲ್ಲರ ಫೋನಿನಲ್ಲೂ ಅದರ ಒಂದು ಫೋಟೋ. ಇದಕ್ಕೆ ಸ್ಪ್ಲಿಟ್ ಶೀಟ್ ಅಂತ ದೊಡ್ಡ ಹೆಸರಿದೆ, ಇರುವುದು ನಾಲ್ಕು ಸಾಲು. ಒಟ್ಟು 100 ಆಗಬೇಕು. ಒಂದು ಸಲ ಮೂವರು ಅವರವರ ಪಾಲು ಬರೆದು ಕೂಡಿಸಿದರೆ 110 ಬಂತು. ಆ ಹತ್ತನ್ನು ಬಿಟ್ಟುಕೊಡುವವರು ಯಾರು ಅನ್ನುವುದಕ್ಕೆ ಒಂದು ಸಂಜೆ ಹೋಯಿತು. ಹೋದರೆ ಹೋಗಲಿ, ಜಗಳ ಅವತ್ತೇ ಮುಗಿಯಿತಲ್ಲ. ನನ್ನ ಪಾಲು ಎಷ್ಟು ಅಂತ ಕೆಲವರು ಸಂಕೋಚದಿಂದ ಕೇಳುತ್ತಾರೆ. ಮೈಕ್ ಇಟ್ಟದ್ದಕ್ಕೆ ಸೊನ್ನೆ. ಅದಕ್ಕೆ ನನಗೆ ದುಡ್ಡು ಕೊಟ್ಟಾಗಿದೆ. ನಡುವೆ ಒಂದು ಸಾಲಿನ ಮಟ್ಟು ನಾನೇ ಬದಲಾಯಿಸಿಕೊಟ್ಟಿದ್ದರೆ ಆವಾಗ ಕೂತು ಮಾತಾಡೋಣ ಅನ್ನುತ್ತೇನೆ.

ಇಷ್ಟೆಲ್ಲ ಯಾಕೆ ಅಂದರೆ, ಒಂದು ಟ್ರ್ಯಾಕಿನೊಳಗೆ ಎರಡು ಆಸ್ತಿ ಇರುತ್ತವೆ. ಮಾತು ಮತ್ತು ಮಟ್ಟು ಸೇರಿದ ಹಾಡು ಒಂದು ಆಸ್ತಿ. ಆ ಹಾಡನ್ನು ಒಂದು ದಿನ, ಒಂದು ಕೋಣೆಯಲ್ಲಿ ಹಾಡಿ ಹಿಡಿದಿಟ್ಟ ಧ್ವನಿ ಇನ್ನೊಂದು. ಎರಡನೆಯದನ್ನು ನಾವು ಮಾಸ್ಟರ್ ಅನ್ನುತ್ತೇವೆ. ಹತ್ತು ಜನ ಹಾಡಿದರೆ ಹತ್ತು ಮಾಸ್ಟರ್, ಹಾಡು ಒಂದೇ. ಎರಡಕ್ಕೂ ಬೇರೆ ಬೇರೆ ನಂಬರ್ ಇದೆ. ಮಾಸ್ಟರ್‌ಗೆ ಐಎಸ್‌ಆರ್‌ಸಿ, 12 ಅಕ್ಷರ ಮತ್ತು ಅಂಕಿಗಳದ್ದು. ಹಾಡಿಗೆ ಐಎಸ್‌ಡಬ್ಲ್ಯುಸಿ, ಟಿ ಅಕ್ಷರದಿಂದ ಶುರುವಾಗಿ ಮುಂದೆ 10 ಅಂಕಿ. ಮಾಸ್ಟರ್‌ನ ನಂಬರನ್ನು ಹಾಡು ಅಪ್‌ಲೋಡ್ ಮಾಡುವ ಡಿಸ್ಟ್ರಿಬ್ಯೂಟರ್ ಸಾಮಾನ್ಯವಾಗಿ ತಾನೇ ಕೊಡುತ್ತದೆ. ಹಾಡಿನ ನಂಬರ್ ಸಿಗಬೇಕಾದರೆ ಹಾಡು ಬರೆದವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಘದಲ್ಲೋ ಪಬ್ಲಿಷರ್ ಮೂಲಕವೋ ಹಾಡನ್ನು ನೋಂದಾಯಿಸಬೇಕು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಅಪ್‌ಲೋಡ್ ಆಯಿತು ಅಂದರೆ ಎಲ್ಲ ಆಯಿತು ಅಂದುಕೊಂಡಿರುತ್ತಾರೆ. ಅಲ್ಲಿಗೆ ಅರ್ಧ ಮಾತ್ರ ಆಗಿರುತ್ತದೆ.

ಸ್ಟ್ರೀಮಿಂಗ್ ದುಡ್ಡು ಎರಡು ಕೊಳಾಯಿಗಳಲ್ಲಿ ಬರುತ್ತದೆ. ಮಾಸ್ಟರ್ ಪಾಲು ಡಿಸ್ಟ್ರಿಬ್ಯೂಟರ್ ಕಡೆಯಿಂದ, ಹಾಡಿನ ಪಾಲು ಸಂಘದ ಕಡೆಯಿಂದ. ಎರಡನೇ ಕೊಳಾಯಿಗೆ ಕೊಡ ಇಡದಿದ್ದರೆ ನೀರು ನಿಲ್ಲುವುದಿಲ್ಲ, ಬೇರೆಲ್ಲೋ ತುಂಬುತ್ತದೆ. ಸುಮ್ನೆ ಹೇಳುತ್ತಿಲ್ಲ. ಅಮೆರಿಕದಲ್ಲಿ ಈ ವಸೂಲಿಗೆ ಅಂತಲೇ ಒಂದು ಸಂಸ್ಥೆ 2021ರಲ್ಲಿ ಕೆಲಸ ಶುರು ಮಾಡಿತು. ಆ ವರ್ಷ ಫೆಬ್ರವರಿಯಲ್ಲಿ ಸ್ಟ್ರೀಮಿಂಗ್ ಕಂಪನಿಗಳು ಅದರ ಕೈಗೆ ಸುಮಾರು 42.4 ಕೋಟಿ ಡಾಲರ್ ಒಪ್ಪಿಸಿದವು. ಅಷ್ಟೂ ಹಳೇ ಬಾಕಿ. ಹಾಡು ಕೇಳಿದ್ದಾರೆ, ದುಡ್ಡು ಲೆಕ್ಕ ಆಗಿದೆ, ಬರೆದವರು ಯಾರು ಅಂತ ತಾಳೆಯಾಗಿಲ್ಲ.

ಮಾಸ್ಟರ್ ಕಡೆಯ ದುಡ್ಡು ಸಣ್ಣ ಕಲಾವಿದರಿಗೆ ಹೇಗೂ ತೆಳುವೇ. ಸ್ಪಾಟಿಫೈನಲ್ಲಿ 2024ರಿಂದ ಒಂದು ನಿಯಮ ಇದೆ: ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಟ್ರ್ಯಾಕಿಗೆ ಈ ಪಾಲು ಸಿಗುವುದೇ ಇಲ್ಲ. ಬ್ಯಾಂಡ್‌ಕ್ಯಾಂಪ್‌ನಂಥ ಕಡೆ ಕೇಳುಗರು ನೇರವಾಗಿ ಕೊಳ್ಳುತ್ತಾರೆ. ಡಿಜಿಟಲ್ ಮಾರಾಟದಲ್ಲಿ ಅವರು ಇಟ್ಟುಕೊಳ್ಳುವುದು 15 ಪರ್ಸೆಂಟ್, ಸಿಡಿ, ಟೀಶರ್ಟ್ ಥರದ್ದರಲ್ಲಿ 10. ನೂರು ಜನ ನಿಜವಾದ ಅಭಿಮಾನಿಗಳಿದ್ದರೆ ನನ್ನ ಪ್ರಕಾರ ಅದೇ ವಾಸಿ. ಈ ಲೆಕ್ಕಾಚಾರವನ್ನು ಇಲ್ಲಿಗೇ ಬಿಡುತ್ತೇನೆ, ಇದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಹಾಡಿನ ಹಕ್ಕು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಅಮೆರಿಕದ ಹಾಡುಗಾರ್ತಿ ಟ್ರೇಸಿ ಚಾಪ್‌ಮನ್ ಅವರನ್ನು ನೋಡಿ. 'ಫಾಸ್ಟ್ ಕಾರ್' ಪೂರ್ತಿ ಅವರೊಬ್ಬರೇ ಬರೆದ ಹಾಡು, ಬಿಡುಗಡೆಯಾಗಿದ್ದು 1988ರಲ್ಲಿ. 2023ರಲ್ಲಿ ಕಂಟ್ರಿ ಗಾಯಕ ಲ್ಯೂಕ್ ಕೂಂಬ್ಸ್ ಅದನ್ನು ಹಾಡಿದರು, ದೊಡ್ಡ ಹಿಟ್ ಆಯಿತು. ಆ ಮಾಸ್ಟರ್ ಚಾಪ್‌ಮನ್ ಅವರದಲ್ಲ. ಹಾಡು ಅವರದು. ಆ ವರ್ಷ ನವೆಂಬರಿನಲ್ಲಿ ಅಮೆರಿಕದ ಕಂಟ್ರಿ ಸಂಗೀತದ ಸಿಎಂಎ ಪ್ರಶಸ್ತಿಗಳಲ್ಲಿ ಅದು ವರ್ಷದ ಹಾಡು ಅಂತ ಆಯ್ಕೆಯಾಯಿತು. ಅದು ಬರೆದವರಿಗೆ ಸಲ್ಲುವ ಪ್ರಶಸ್ತಿ. 35 ವರ್ಷ ಹಳೆಯ ಹಾಡಿಗೆ, ಸಮಾರಂಭಕ್ಕೇ ಹೋಗದ ಚಾಪ್‌ಮನ್ ಅವರಿಗೆ ಸಂದಿತು.

ಇದನ್ನು ಹೇಳಿದಾಗೆಲ್ಲ ಯಾರಾದರೂ ಕೇಳುತ್ತಾರೆ, ಹಾಗಾದರೆ ರೆಕಾರ್ಡಿಂಗ್ ಮುಖ್ಯ ಅಲ್ವಾ? ಮುಖ್ಯವೇ. ನನ್ನ ಹೊಟ್ಟೆಪಾಡು ಅದು. ಆದರೆ ಅದಕ್ಕೆ ಹೆದರಿ ಮೂರು ಮೂರು ವರ್ಷ ಹಾಡನ್ನು ಫೋನಿನಲ್ಲೇ ಕೊಳೆಹಾಕುವವರನ್ನು ಕಂಡಿದ್ದೇನೆ. ಇದು ಈ ಹಾಡಿನ ಮೊದಲ ರೆಕಾರ್ಡಿಂಗ್, ಇನ್ನೂ ಬರುತ್ತವೆ, ಇವತ್ತು ಇದು ಹೇಗಿದೆಯೋ ಹಾಗೆ ಹಿಡಿಯೋಣ ಅನ್ನುತ್ತೇನೆ.

ಹಿಡಿಯುವಾಗ ನನ್ನದೊಂದು ಹಟ ಇದೆ. ಗಿಟಾರ್ ಮೊದಲು, ಧ್ವನಿ ಆಮೇಲೆ ಅಂತ ಬಿಡಿಸಿ ಮಾಡುವುದಿಲ್ಲ. ತಾನೇ ನುಡಿಸುತ್ತಾ ಹಾಡುವವರ ಬಲಗೈ ಉಸಿರಿನ ಜೊತೆ ಹೋಗುತ್ತಿರುತ್ತದೆ. ಸಾಲಿನ ಕೊನೆಗೆ ಉಸಿರು ತಗೊಳ್ಳುವಾಗ ಗಿಟಾರ್ ಒಂದು ಎಳೆಯಷ್ಟು ತಡವಾಗುತ್ತದೆ. ಕ್ಲಿಕ್, ಅಂದರೆ ಲಯಕ್ಕೆ ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಸದ್ದು, ಹಾಕಿ ಗಿಟಾರ್ ಒಂದನ್ನೇ ನುಡಿಸಿ ಅಂದರೆ ಆ ತಡ ಮಾಯ. ಅದಕ್ಕೇ ಎರಡನ್ನೂ ಒಟ್ಟಿಗೆ, ಕ್ಲಿಕ್ ಇಲ್ಲದೆ. ಗಿಟಾರಿಗೆ ಮೈಕು 12ನೇ ಫ್ರೆಟ್‌ಗೆ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಎದುರಾಗಿ, ಸುಮಾರು ಒಂದು ಅಡಿ ದೂರ. ನಡುವಿನ ತೂತಿಗೆ ನೇರ ಇಟ್ಟರೆ ಡಬ್ಬದೊಳಗೆ ಹಾಡಿದ ಹಾಗೆ ಗುಂಯ್ ಅನ್ನುತ್ತದೆ. ಎಂಟರ ಆಕಾರದಲ್ಲಿ ಕೇಳಿಸಿಕೊಳ್ಳುವ ಮೈಕ್‌ಗಳಿವೆ. ಹಿಂದೆ ಮುಂದೆ ಕೇಳುತ್ತವೆ, ಪಕ್ಕಕ್ಕೆ ಕಿವುಡು. ಗಿಟಾರಿನ ಮೈಕಿನ ಕಿವುಡು ಮಗ್ಗುಲನ್ನು ಬಾಯಿಯ ಕಡೆಗೆ ತಿರುಗಿಸುತ್ತೇನೆ. ಹಾಗಿದ್ದೂ ಒಂದಿಷ್ಟು ಸೋರುತ್ತದೆ, ಸೋರಲಿ. ನಷ್ಟ ಏನು ಅಂದರೆ, ಒಂದು ಪದ ತಪ್ಪಿದರೆ ಅದೊಂದನ್ನೇ ತಿದ್ದುವುದು ಕಷ್ಟ, ಪೂರ್ತಿ ಮತ್ತೆ ಹಾಡಬೇಕು. ಹಾಗಾಗಿ ತಯಾರಾಗಿ ಬನ್ನಿ ಅನ್ನುತ್ತೇನೆ. ತಂತಿ ಒಂದೆರಡು ದಿನ ಮೊದಲೇ ಬದಲಾಯಿಸಿ. ಅವತ್ತೇ ಹಾಕಿದ ತಂತಿ ಹಾಡಿನ ನಡುವೆಯೇ ಸಡಿಲಾಗುತ್ತದೆ.

ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್ ತಮ್ಮ ಮೂರನೇ ಆಲ್ಬಂ ಮುಗಿಸಿದ್ದು 1971ರ ಅಕ್ಟೋಬರಿನಲ್ಲಿ ಎರಡೇ ರಾತ್ರಿಗಳಲ್ಲಿ. ಕೋಣೆಯಲ್ಲಿ ಅವರು, ಎಂಜಿನಿಯರ್ ಜಾನ್ ವುಡ್, ಅಷ್ಟೇ. ಧ್ವನಿ, ಗಿಟಾರ್, ಒಂದು ಹಾಡಿಗೆ ಮೇಲೆ ಸೇರಿಸಿದ ಪಿಯಾನೋ. ಪೂರ್ತಿ ಕೇಳಿದರೂ ಅರ್ಧ ಗಂಟೆ ಆಗುವುದಿಲ್ಲ. ಆಗ ಕೊಂಡವರು ತೀರಾ ಕಡಿಮೆ. 1974ರಲ್ಲಿ, 26ನೇ ವಯಸ್ಸಿಗೆ ಡ್ರೇಕ್ ತೀರಿಕೊಂಡರು. ಅದಾಗಿ ಕಾಲು ಶತಮಾನದ ಮೇಲೆ ಒಂದು ಕಾರಿನ ಜಾಹೀರಾತಿನಲ್ಲಿ ಆ ಆಲ್ಬಂನ ಹಾಡು ಬಂದು ಜನ ಹುಡುಕಿಕೊಂಡು ಹೋಗಿ ಕೇಳಿದರು. ಇಂಥ ಬಳಕೆಗೆ ಎರಡು ಬೀಗ ತೆಗೆಯಬೇಕು, ಹಾಡಿನದೊಂದು, ಮಾಸ್ಟರ್‌ನದೊಂದು. ಎರಡೂ ಕೀಲಿ ಯಾರ ಹತ್ತಿರ ಇವೆ ಅಂತ ಒಂದೇ ಫೋನಿನಲ್ಲಿ ಗೊತ್ತಾದರೆ ಕೇಳಿ ಬಂದವರು ನಿಲ್ಲುತ್ತಾರೆ. ನಮ್ಮ ಕಿರುಚಿತ್ರದವರು ನಿಲ್ಲಲಿಲ್ಲ.

ವೇದಿಕೆಯ ಮೇಲೆ ನನ್ನ ಕೆಲಸ ಬಹಳಷ್ಟು ಸಲ ಒಂದೇ: ಗಿಟಾರ್ ಕೂಗದ ಹಾಗೆ ನೋಡಿಕೊಳ್ಳುವುದು. ಅಕೌಸ್ಟಿಕ್ ಗಿಟಾರಿನ ಹೊಟ್ಟೆಯೊಳಗಿನ ಗಾಳಿ 100 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ಮೊಳಗುತ್ತದೆ. ಸ್ಪೀಕರ್ ಸದ್ದು ಹೋಗಿ ಅದನ್ನು ತಟ್ಟಿದರೆ ಊಳಿಡಲು ಶುರು. ತೂತಿಗೆ ಒಂದು ರಬ್ಬರ್ ಮುಚ್ಚಳ, ಮಿಕ್ಸರ್‌ನಲ್ಲಿ ಆ ಜಾಗಕ್ಕೆ ಒಂದು ಕತ್ತರಿ, ಮುಗೀತು. ಅದು ಮುಗಿದ ಮೇಲೆ ನಾನು ಕೇಳುವುದು ಕಾಲ ಬಳಿ ಅಂಟಿಸಿದ ಚೀಟಿಯ ಫೋಟೋ. ಹಾಡುಗಳ ಸಾಲು, ಪಕ್ಕದಲ್ಲಿ ಕ್ಯಾಪೋ (ಶ್ರುತಿ ಏರಿಸಲು ಗಿಟಾರಿನ ಕುತ್ತಿಗೆಗೆ ಹಾಕುವ ಕ್ಲಿಪ್) ಎಷ್ಟನೇ ಮನೆಗೆ ಅಂತ ಗೀಚಿರುತ್ತಾರಲ್ಲ, ಅದು. ತನ್ನ ಹಾಡನ್ನು ತಾನೇ ಹಾಡಿದರೂ ಅದು ಸಾರ್ವಜನಿಕ ಪ್ರದರ್ಶನ. ಅನೇಕ ದೇಶಗಳಲ್ಲಿ ಜಾಗದವರು ಸಂಘಕ್ಕೆ ಲೈಸೆನ್ಸ್ ಶುಲ್ಕ ಕಟ್ಟುತ್ತಾರೆ, ಸದಸ್ಯರು ಹಾಡಿದ ಪಟ್ಟಿ ಕಳಿಸಿದರೆ ಅದರಿಂದ ಪಾಲು ಬರುತ್ತದೆ. ಆ ಚೀಟಿಯನ್ನು ಮುದ್ದೆ ಮಾಡಿ ಎಸೆಯುವುದನ್ನು ನೋಡಿದರೆ ಈಗಲೂ ನನಗೆ ಕೈ ಕಡಿಯುತ್ತದೆ.

ಸರಿ, ಅಜ್ಜಿಯ ಮಟ್ಟಿಗೆ ಬರೋಣ.

ಜಾನಪದ ಅಂದರೆ ಯಾರದೂ ಅಲ್ಲ ಅಂತ ಒಂದು ಸಲೀಸು ನಂಬಿಕೆ ಇದೆ. ನಿಜಕ್ಕೂ ಹಳೆಯ, ಬರೆದವರು ಗೊತ್ತಿಲ್ಲದ ಮಟ್ಟನ್ನು ಯಾರು ಬೇಕಾದರೂ ಹಾಡಬಹುದು, ನಿಮ್ಮದೇ ಜೋಡಣೆ ಮಾಡಿದರೆ ಆ ಜೋಡಣೆ ನಿಮ್ಮದು. ಆದರೆ ಬೇರೆಯವರ ಜೋಡಣೆಯನ್ನು ಯೂಟ್ಯೂಬ್‌ನಲ್ಲಿ ಕಲಿತು ಸಾಂಪ್ರದಾಯಿಕ ಅಂತ ಬರೆಯುವ ಹಾಗಿಲ್ಲ. ಇನ್ನೊಂದು, ಜಾನಪದದ ಹಾಗೆ ಕೇಳಿಸುವುದೆಲ್ಲ ಜಾನಪದ ಆಗಿರುವುದಿಲ್ಲ.

ಅಮೆರಿಕದ ಜಾನಪದ ಗಾಯಕಿ ಎಲಿಜಬೆತ್ ಕಾಟನ್ ಅವರದು ಇಂಥದೇ ಕಥೆ. ಎಡಗೈಯವರು. ಬಲಗೈ ಗಿಟಾರನ್ನೇ ತಿರುಗಿಸಿ ಹಿಡಿದು, ಹೆಬ್ಬೆರಳಲ್ಲಿ ಮೇಲಿನ ಸ್ವರ, ಬೆರಳಲ್ಲಿ ಕೆಳಗಿನ ಸ್ವರ ನುಡಿಸುತ್ತಿದ್ದರು. ಹನ್ನೊಂದು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ರೈಲಿನ ಮೇಲೆ ಒಂದು ಹಾಡು ಕಟ್ಟಿದ್ದರು. ಆಮೇಲೆ ಎಷ್ಟೋ ದಶಕ ಗಿಟಾರ್ ಮುಟ್ಟಲಿಲ್ಲ. ಅವರು ಕೆಲಸ ಮಾಡುತ್ತಿದ್ದ ದೊಡ್ಡ ಅಂಗಡಿಯೊಂದರಲ್ಲಿ ಒಂದು ಮಗು ತಪ್ಪಿಸಿಕೊಂಡು ಅಳುತ್ತಿತ್ತು. ಅದನ್ನು ತಾಯಿಯ ಹತ್ತಿರ ಸೇರಿಸಿದರು. ಆ ಮಗು ಪೆಗ್ಗಿ ಸೀಗರ್, ಸಂಗೀತಗಾರರ ಮನೆಯ ಹುಡುಗಿ, ಮುಂದೆ ತಾನೂ ಜಾನಪದ ಗಾಯಕಿ. ಹಾಗೆ ಕಾಟನ್ ಸೀಗರ್ ಮನೆಯ ಕೆಲಸಕ್ಕೆ ಸೇರಿದರು, ಮನೆ ತುಂಬಾ ಇದ್ದ ವಾದ್ಯಗಳಲ್ಲಿ ಒಂದು ಗಿಟಾರನ್ನು ಮತ್ತೆ ಕೈಗೆತ್ತಿಕೊಂಡರು. ಪೆಗ್ಗಿ ದೊಡ್ಡವರಾಗಿ ಇಂಗ್ಲೆಂಡಿಗೆ ಹೋದಾಗ ಆ ರೈಲಿನ ಹಾಡು ಅವರ ಜೊತೆ ಹೋಯಿತು. 1957ರಲ್ಲಿ ಅಲ್ಲಿ ಬೇರೆಯವರು ಹಾಡಿ ಹಿಟ್ ಆಯಿತು. ಬರೆದವರ ಜಾಗದಲ್ಲಿ ಬೇರೆ ಇಬ್ಬರ ಹೆಸರಿತ್ತು. ಕಾನೂನಿನ ಜಗ್ಗಾಟದ ನಂತರ ಕಾಟನ್ ಅವರ ಹೆಸರು ಬಂತು. 1985ರಲ್ಲಿ, ತೊಂಬತ್ತರ ಹರೆಯದಲ್ಲಿ, ಅವರು ಗ್ರ್ಯಾಮಿ ತಗೊಂಡರು.

ಇಷ್ಟನ್ನೂ ಅವತ್ತು ನಾನು ಹೇಳಿ ಮುಗಿಸುವುದರೊಳಗೆ ಹುಡುಗಿ ಫೋನ್ ತೆಗೆದು ಅಜ್ಜಿಗೆ ಕರೆ ಮಾಡಿಯಾಗಿತ್ತು. ಸ್ಪೀಕರ್‌ನಲ್ಲಿಟ್ಟು ಪಲ್ಲವಿ ಹಾಡಿ ಕೇಳಿಸಿದಳು. "ಇದನ್ನ ಎಲ್ಲಿ ಕಲಿತೆ ಅಜ್ಜಿ?"

"ಕಲಿಯೋದೇನು ಬಂತು? ನಿಮ್ಮಮ್ಮ ಮಲಗ್ತಾನೇ ಇರಲಿಲ್ಲ. ಬಾಯಿಗೆ ಬಂದಿದ್ದು ಹಾಡ್ತಿದ್ದೆ." ಒಂದು ಗಳಿಗೆ ಬಿಟ್ಟು, "ಎರಡನೇ ಸಾಲಿನ ಕೊನೆಗೆ ಕೆಳಗಿಳೀಬೇಕು ಕಣೇ. ನೀನು ಮೇಲಕ್ಕೆ ಹೋಗ್ತಿದ್ದೀಯ."

ನಾನು ನೋಟ್‌ಬುಕ್ ತೆಗೆದೆ. ಮಾತು ಮೊಮ್ಮಗಳದು, ಚರಣದ ಮಟ್ಟು ಮೊಮ್ಮಗಳದು, ಪಲ್ಲವಿಯ ಮಟ್ಟು ಅಜ್ಜಿಯದು. ಪಾಲು ಎಷ್ಟು ಅಂದಿದ್ದಕ್ಕೆ ನನಗೆಂಥ ಪಾಲು ಅಂತ ಆ ಕಡೆಯಿಂದ ನಗು. ಕೊನೆಗೆ 75, 25 ಅಂತ ಬರೆದೆವು. ಸಹಿಗೆ ಜಾಗ ಬಿಟ್ಟೆ. ಹುಡುಗಿ ಕೇಸ್ ತೆರೆದು ಗಿಟಾರನ್ನು ಮತ್ತೆ ಹೊರಗೆ ತೆಗೆದಳು, ನಾನು ಸುತ್ತಿಟ್ಟ ಕೇಬಲ್ ಬಿಚ್ಚಿದೆ. ಎರಡನೇ ಸಾಲು ಕೆಳಗಿಳಿಯಬೇಕಿತ್ತಲ್ಲ.