ಸ್ವ-ಇಚ್ಛಾ ಹೇಳಿಕೆಯೊಳಗಿನ ಮಾತು ಯಾರದು?

ಕೊಲೆ ಆರೋಪಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ಅಂತ ಬೆಳಿಗ್ಗೆ ಪೇಪರಿನಲ್ಲಿ ಬಂದರೆ, ಮಧ್ಯಾಹ್ನದೊಳಗೆ ಊರು ತೀರ್ಪು ಕೊಟ್ಟಾಗಿರುತ್ತದೆ. ಕೋರ್ಟಿನಲ್ಲಿ ಆ ಒಪ್ಪಿಗೆಗೆ ಬೆಲೆಯಿಲ್ಲ. ಹಾಗಿದ್ದೂ ಅದರದೇ ಒಂದು ತುಂಡಿನ ಬಲದ ಮೇಲೆ ಶಿಕ್ಷೆಯಾಗುವುದುಂಟು.

ಹೊಡೆತಕ್ಕೆ ಹೆದರಿ ಜನ ಏನನ್ನಾದರೂ ಒಪ್ಪಿಕೊಳ್ಳುತ್ತಾರೆಂಬುದು ಬ್ರಿಟಿಷರಿಗೂ ಗೊತ್ತಿತ್ತು. ಅದಕ್ಕೇ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ, ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯದಿಂದ ಹೊರಗಿಟ್ಟಿತು. 27ನೇ ಕಲಂ ಒಂದು ಕಿಂಡಿ ಬಿಟ್ಟಿತು: ಆರೋಪಿ ಹೇಳಿದ್ದರಿಂದ ವಸ್ತುವೇನಾದರೂ ಸಿಕ್ಕರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗಿ ನಡೆಯುತ್ತದೆ. ನಿಜಾಮರ ಆಳ್ವಿಕೆ ಮುಗಿದ ಮೇಲೆ, 1951ರಲ್ಲಿ, ಈ ಕಾಯ್ದೆ ನಮ್ಮ ಕಲಬುರಗಿ, ಬೀದರ್‌ಗೂ ಬಂತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಹೊಸ ಕಾಯ್ದೆ, ಭಾರತೀಯ ಸಾಕ್ಷ್ಯ ಅಧಿನಿಯಮ, ಜಾರಿಯಾಗಿದೆ. 25ರಿಂದ 27ರವರೆಗಿನ ಹಳೆಯ ಮೂರು ಕಲಂಗಳು ಅದರ 23ನೇ ಕಲಂನಲ್ಲಿ ಸೇರಿವೆ. ಕಿಂಡಿ ಇದ್ದಲ್ಲೇ ಇದೆ.

ತೊಡಕೆಲ್ಲ ಆ ಕಿಂಡಿಯಲ್ಲೇ. ಇಲ್ಲಿನ ಕೊಲೆ ಕೇಸಿನ ಕಾಗದಗಳಲ್ಲಿ, ಆರೋಪಿ ಹೇಳಿದ್ದೆಂದು ಪೊಲೀಸರು ಬರೆದುಕೊಳ್ಳುವ 'ಸ್ವ-ಇಚ್ಛಾ ಹೇಳಿಕೆ'ಯಲ್ಲಿ, ಒಂದು ಸಾಲು ಕಂಡೇ ಕಾಣುತ್ತದೆ: 'ನನ್ನ ಹಿಂದೆ ಬಂದಲ್ಲಿ, ಕೃತ್ಯಕ್ಕೆ ಬಳಸಿದ ಸದರಿ ಕೊಡಲಿಯನ್ನು ಬಚ್ಚಿಟ್ಟ ಸ್ಥಳವನ್ನು ತೋರಿಸಿಕೊಡುತ್ತೇನೆ.' ಕೆಳಗೆ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿದವನು ತಾಂಡಾದವನು. ಮನೆಯಲ್ಲಿ ಲಂಬಾಣಿ ಮಾತು, ಸಂತೆಯಲ್ಲಿ 'ಹೌದ್ರಿ, ಅದಾರಿ' ಅನ್ನುವ ಕನ್ನಡ. 'ಸದರಿ', 'ಕೃತ್ಯ' ಅವನ ಬಾಯಲ್ಲಿ ಎಂದೂ ಬಂದಿರಲಾರವು. ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನ ಆರೋಪಿಗಳು ಒಂದೇ ವಾಕ್ಯವನ್ನು ಅಕ್ಷರ ತಪ್ಪದೆ ಹೇಳಿರುತ್ತಾರೆ. ಇದನ್ನು ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವನು ನಿಜಕ್ಕೂ ಏನು ಹೇಳಿದ, ಹೇಳಿದ್ದನೋ ಇಲ್ಲವೋ, ಅದೆಲ್ಲ ಆ ಸಾಲಿನಡಿ ಹೂತು ಹೋಗಿರುತ್ತದೆ.

ಪಂಚರದ್ದು, ಅಂದರೆ ಸಾಕ್ಷಿಗೆಂದು ಪೊಲೀಸರು ಕರೆಸುವವರದ್ದು, ಇನ್ನೊಂದು ಕಥೆ. ಕೊಡಲಿ ತೊಗರಿ ಹೊಲದ ಬದುವಿನಲ್ಲಿ ಸಿಕ್ಕಿತೆಂದು ಪಂಚನಾಮೆಗೆ ಸಹಿ ಹಾಕಿದವನು, ವರ್ಷಗಳ ನಂತರ ಕಟಕಟೆಯಲ್ಲಿ ನಿಂತು, "ಸಹಿ ನಂದೇ ಅದರಿ, ಏನ್ ಬರದಿತ್ತೋ ಗೊತ್ತಿಲ್ರಿ" ಅನ್ನುತ್ತಾನೆ. ಸಾಕ್ಷಿ ಉಲ್ಟಾ ಹೊಡೆದ ಅನ್ನುತ್ತೇವೆ. ಅಂದು ಅವನಿಗೆ ಓದಿ ಹೇಳಿದ್ದರೇ ಎಂದು ಕೇಳುವವರು ಕಡಿಮೆ.

2022ರ ಅಕ್ಟೋಬರ್‌ನಲ್ಲಿ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು: ಇಬ್ಬರು ಸ್ವತಂತ್ರ ಪಂಚರನ್ನು ಮೊದಲೇ ಕರೆಸಿ, ಆರೋಪಿ ಆಡಿದ ಮಾತನ್ನು ಅವನಾಡಿದಂತೆಯೇ ಬರೆದುಕೊಳ್ಳಬೇಕು. ಆರೋಪಿ ಬಿಡುಗಡೆಯಾದ.

ನಮ್ಮ ಕಡೆಯವರು ಹೈಕೋರ್ಟ್ ಮೇಲ್ಮನವಿಗೆ ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಈಗ ಜೈಲಿನಲ್ಲಿದ್ದವನ ತಾಯಿ ಬೆಳಿಗ್ಗೆ ಬಸ್ಸು ಹತ್ತಿ ಬಂದು, ವಕೀಲರ ಮುಂದೆ ಕೂತು, ಮಗ ಹೇಳಿದನೆಂಬ ಹೇಳಿಕೆಯನ್ನು ಓದಿಸಿ ಕೇಳಬಹುದು. "ನನ್ನ ಮಗ ಹೀಂಗ ಮಾತಾಡಂಗಿಲ್ರಿ ಸಾಹೇಬ್ರ" ಎಂದು ಆಕೆ ಅಂದರೆ, ವಕೀಲರು ಅದನ್ನು ಬರೆದುಕೊಳ್ಳಬೇಕು.