ಕಬ್ಬಿಣ ತುಂಬಿದ ರಕ್ತಹೀನತೆ: ಎಚ್‌ಬಿ ಕಡಿಮೆ, ಫೆರಿಟಿನ್ ಜಾಸ್ತಿ

ಎಚ್‌ಬಿ (ಹಿಮೋಗ್ಲೋಬಿನ್) 7, ಮೈಯಲ್ಲಿ ಶೇಖರವಾದ ಕಬ್ಬಿಣವನ್ನು ಸೂಚಿಸುವ ಫೆರಿಟಿನ್ 3000. ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಮನೆಗಳಿಗೆ ಇಂಥ ರಿಪೋರ್ಟ್ ಹೊಸದಲ್ಲ. ಹೊರಗಿನವರಿಗೆ ಮಾತ್ರ ಇದು ವಿಚಿತ್ರ: ರಕ್ತ ಕಡಿಮೆ ಅಂದರೆ ಕಬ್ಬಿಣ ಕಡಿಮೆ ಅಂತಲ್ಲವೇ? ಅಲ್ಲ. ಹಿಮೋಗ್ಲೋಬಿನ್ ಆಗಲು ಕಬ್ಬಿಣವೂ ಬೇಕು, ಗ್ಲೋಬಿನ್ ಎಂಬ ಪ್ರೋಟೀನೂ ಬೇಕು. ಥಲಸ್ಸೀಮಿಯಾದಲ್ಲಿ ಕೊರತೆ ಇರುವುದು ಗ್ಲೋಬಿನ್‌ನದು. ಕಬ್ಬಿಣ ಎಷ್ಟಿದ್ದರೂ ಅದು ರಕ್ತವಾಗದೆ ಮೈಯಲ್ಲೇ ಉಳಿಯುತ್ತದೆ. ಈ ಸ್ಥಿತಿಯನ್ನೇ ಕಬ್ಬಿಣ ತುಂಬಿದ ರಕ್ತಹೀನತೆ ಅನ್ನುವುದು.

ಲೆಕ್ಕ ಹೀಗಿದೆ. ವಯಸ್ಕರ ಇಡೀ ದೇಹದಲ್ಲಿರುವ ಕಬ್ಬಿಣ 3ರಿಂದ 4 ಗ್ರಾಂ. ಊಟದಿಂದ ದಿನಕ್ಕೆ ಒಳಗೆ ಸೇರುವುದು 1–2 ಮಿಲಿಗ್ರಾಂ, ಚರ್ಮ ಮತ್ತು ಕರುಳಿನ ಜೀವಕೋಶಗಳು ಉದುರಿ ಹೊರಹೋಗುವುದೂ ಹೆಚ್ಚುಕಡಿಮೆ ಅಷ್ಟೇ. ಹೆಚ್ಚಾದದ್ದನ್ನು ಬೇಕೆಂದೇ ಹೊರಹಾಕುವ ದಾರಿ ದೇಹಕ್ಕಿಲ್ಲ. ಒಂದು ಯೂನಿಟ್ ಕೆಂಪು ರಕ್ತಕಣದಲ್ಲಿ 200–250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅಂದರೆ 20 ಯೂನಿಟ್ ಏರಿಸಿದರೆ ಇನ್ನೊಂದು ದೇಹಕ್ಕಾಗುವಷ್ಟು ಕಬ್ಬಿಣ ಒಳಗೆ ಹೋದಂತಾಯಿತು. ಅದು ಹೋಗಿ ಕೂರುವುದು ಯಕೃತ್ತು, ಹೃದಯ, ಮೇದೋಜೀರಕ, ಥೈರಾಯ್ಡ್, ಪಿಟ್ಯುಟರಿಗಳಲ್ಲಿ. ಮಕ್ಕಳು ಎತ್ತರ ಬೆಳೆಯದಿರುವುದು, ಪ್ರಾಯಕ್ಕೆ ಬರುವುದು ತಡವಾಗುವುದು, ಸಕ್ಕರೆ ಕಾಯಿಲೆ, ಹೃದಯ ವೈಫಲ್ಯ ಎಲ್ಲಕ್ಕೂ ಇದು ಕಾರಣವಾಗಬಲ್ಲದು.

ರಕ್ತ ಹಾಕಿಸದವರಿಗೂ ಈ ತೊಂದರೆ ಬರುತ್ತದೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಕರುಳಿನಿಂದ ಎಷ್ಟು ಕಬ್ಬಿಣ ಒಳಗೆ ಬಿಡಬೇಕೆಂದು ತೀರ್ಮಾನಿಸುವುದು ಯಕೃತ್ತು ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು. ಹೆಪ್ಸಿಡಿನ್ ಏರಿದರೆ ಹೀರಿಕೆ ಇಳಿಯುತ್ತದೆ. ನಿಯಮಿತವಾಗಿ ರಕ್ತ ಬೇಕಾಗದ ನಡುತರದ ರೂಪವಾದ ಥಲಸ್ಸೀಮಿಯಾ ಇಂಟರ್‌ಮೀಡಿಯಾದಲ್ಲಿ ಮೂಳೆಮಜ್ಜೆ ಬಿಡುವಿಲ್ಲದೆ ಕಣ ತಯಾರಿಸಲು ಹೆಣಗುತ್ತದೆ, ಬಹುಪಾಲು ಕಣಗಳು ಮಜ್ಜೆಯಲ್ಲೇ ಸಾಯುತ್ತವೆ. ಆ ಹೆಣಗಾಟದಲ್ಲಿ ಹೊರಬರುವ ಎರಿಥ್ರೋಫೆರೋನ್ ಎಂಬ ಹಾರ್ಮೋನು ಹೆಪ್ಸಿಡಿನ್ನನ್ನು ಅಡಗಿಸುತ್ತದೆ. ಕರುಳಿಗೆ ತಲುಪುವ ಸಂದೇಶ ಒಂದೇ, ಇನ್ನಷ್ಟು ಕಬ್ಬಿಣ ಬೇಕು. ವರ್ಷಗಟ್ಟಲೆ ಹೀಗೆ ನಡೆದರೆ ಒಂದು ಯೂನಿಟ್ ರಕ್ತವನ್ನೂ ಹಾಕಿಸದ ಮೂವತ್ತೈದರ ವ್ಯಕ್ತಿಯ ಯಕೃತ್ತೂ ಕಬ್ಬಿಣದಿಂದ ತುಂಬಿರಬಹುದು.

ಆದ್ದರಿಂದ ಎಚ್‌ಬಿ ಒಂದನ್ನೇ ನೋಡಿ ಐರನ್ ಮಾತ್ರೆ ಶುರುಮಾಡುವುದು ಕೆಟ್ಟ ಅಭ್ಯಾಸ. ಕೆಂಪುಕಣಗಳ ಸಂಖ್ಯೆ ಚೆನ್ನಾಗಿದ್ದು ಅವುಗಳ ಗಾತ್ರ, ಅಂದರೆ ಎಂಸಿವಿ, ಬಹಳ ಸಣ್ಣದಿದ್ದರೆ ಥಲಸ್ಸೀಮಿಯಾ ಮೈನರ್ (ವಾಹಕರ ಸೌಮ್ಯ ರೂಪ) ಇರಬಹುದೆಂದು ಶಂಕಿಸಿ ಫೆರಿಟಿನ್ ಮತ್ತು ಹಿಮೋಗ್ಲೋಬಿನ್‌ನ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ಎಚ್‌ಬಿ-ಎ2 ಎಂಬ ಬಗೆ ಶೇ. 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಮೈನರ್ ಎಂದೇ ಅರ್ಥ. ಹಾಗಂತ ಮೈನರ್ ಇದ್ದವರಿಗೆ ಕಬ್ಬಿಣ ಮುಟ್ಟಿಸಲೇಬಾರದು ಎಂಬ ಮಾತೂ ತಪ್ಪು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಂಗಸರಿಗೆ ಮೈನರ್ ಜೊತೆಗೆ ನಿಜವಾದ ಕಬ್ಬಿಣದ ಕೊರತೆಯೂ ಇರಬಹುದು. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಕಬ್ಬಿಣ ಕೊಡಲೇಬೇಕು. ಸುಮಾರು ಮೂರು ತಿಂಗಳು ಕೊಟ್ಟು ಮತ್ತೆ ಪರೀಕ್ಷಿಸಬೇಕು, ಕೊರತೆ ತುಂಬಿದ ಮೇಲೆ ನಿಲ್ಲಿಸಬೇಕು. ಆಮೇಲೂ ಎಚ್‌ಬಿ ಸ್ವಲ್ಪ ಕಡಿಮೆಯೇ ಉಳಿಯುತ್ತದೆ, ಅದು ಅವರ ಸಹಜ ಮಟ್ಟ.

ಫೆರಿಟಿನ್ ಅಷ್ಟು ನಂಬಿಗಸ್ತ ಅಳತೆಯಲ್ಲ. ಜ್ವರ, ಸೋಂಕು, ಕೊಬ್ಬಿನ ಯಕೃತ್ತು ಇದ್ದರೂ ಏರುತ್ತದೆ. ಒಂದೇ ರಿಪೋರ್ಟಿಗೆ ಹೆದರುವ ಬದಲು ಮೂರು ತಿಂಗಳಿಗೊಮ್ಮೆ ಮಾಡಿಸಿ ಏರಿಳಿತ ನೋಡಬೇಕು. ನಿಖರವಾಗಿ ತಿಳಿಯಲು ಅಂಗಗಳಲ್ಲಿರುವ ಕಬ್ಬಿಣವನ್ನು ಅಳೆಯುವ ಟಿ2-ಸ್ಟಾರ್ ಎಂಆರ್‌ಐ ಸ್ಕ್ಯಾನ್ ಇದೆ. ಹೃದಯದ ಅಳತೆ 20 ಮಿಲಿಸೆಕೆಂಡ್‌ಗಿಂತ ಕಡಿಮೆ ಬಂದರೆ ಅಲ್ಲಿ ಕಬ್ಬಿಣ ಕೂತಿದೆ, 10ಕ್ಕಿಂತ ಕಡಿಮೆಯಾದರೆ ಅಪಾಯ ಹತ್ತಿರದಲ್ಲಿದೆ.

ಉತ್ತರ ಯುರೋಪಿನ ಮೂಲದವರಲ್ಲಿ ಹೆಚ್ಚಾಗಿ ಕಾಣುವ, ರಕ್ತಹೀನತೆಯಿಲ್ಲದೆಯೇ ಕಬ್ಬಿಣ ತುಂಬುವ ಹಿಮೋಕ್ರೊಮಟೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಚಿಕಿತ್ಸೆ ಸುಲಭ: ಸುಮಾರು 450 ಮಿ.ಲೀ. ರಕ್ತ ತೆಗೆದರೆ 200 ಮಿಲಿಗ್ರಾಂಗೂ ಮೇಲೆ ಕಬ್ಬಿಣ ಹೋಗುತ್ತದೆ. ಅತಿಯಾಗಿ ತೆಗೆದರೆ ಅವರಿಗೂ ರಕ್ತಹೀನತೆ ಬರುತ್ತದೆ, ಅದಕ್ಕೇ ಪ್ರತಿಸಲ ಎಚ್‌ಬಿ ನೋಡಿ ತೆಗೆಯುವುದು. ಥಲಸ್ಸೀಮಿಯಾದವರಿಗೆ ಮೊದಲೇ ರಕ್ತ ಕಡಿಮೆ, ತೆಗೆಯುವ ಮಾತಿಲ್ಲ. ಅವರಿಗಿರುವುದು ಕಬ್ಬಿಣ ಇಳಿಸುವ ಔಷಧ, ಅಂದರೆ ಚೀಲೇಶನ್. ನಿಯಮಿತವಾಗಿ ರಕ್ತ ಪಡೆಯುವವರಿಗೆ 10–20 ಸಲ ರಕ್ತ ಹಾಕಿದ ಮೇಲೆ ಅಥವಾ ಫೆರಿಟಿನ್ 1000 ದಾಟಿದಾಗ ಶುರುಮಾಡುತ್ತಾರೆ. ರಕ್ತ ಪಡೆಯದವರಿಗೆ 800 ದಾಟಿದರೇ ಯೋಚಿಸುತ್ತಾರೆ.

ಮೂರು ಔಷಧಗಳಿವೆ. ಡೆಸ್‌ಫೆರಿಯಾಕ್ಸಮಿನ್ ಅನ್ನು ಸಣ್ಣ ಪಂಪಿನಿಂದ ಚರ್ಮದಡಿ 8–12 ಗಂಟೆ, ವಾರಕ್ಕೆ 5ರಿಂದ 7 ರಾತ್ರಿ ಕೊಡಬೇಕು. ಮೂತ್ರ ಕೆಂಪಗಾದರೆ ಗಾಬರಿ ಬೇಡ, ಹೊರಹೋಗುತ್ತಿರುವುದು ಕಬ್ಬಿಣ. ಡೆಫೆರಿಪ್ರೋನ್ ಕಿಲೋ ತೂಕಕ್ಕೆ ದಿನಕ್ಕೆ 75 ಮಿಲಿಗ್ರಾಂನಂತೆ, ಮೂರು ಹೊತ್ತಿಗೆ ಹಂಚಿ. ಇದರಲ್ಲಿ ಬಿಳಿಕಣ ಏಕಾಏಕಿ ಕುಸಿಯಬಹುದು. ಜ್ವರ ಅಥವಾ ಗಂಟಲುನೋವು ಬಂದ ದಿನವೇ ಮಾತ್ರೆ ನಿಲ್ಲಿಸಿ, ಅಂದೇ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ ವೈದ್ಯರಿಗೆ ತೋರಿಸಬೇಕು. ನಾಳೆ ನೋಡೋಣ ಅನ್ನುವಂತಿಲ್ಲ. ಡೆಫೆರಾಸಿರಾಕ್ಸ್ ದಿನಕ್ಕೊಮ್ಮೆ. ನೀರಿನಲ್ಲಿ ಕರಗಿಸುವ ಮಾತ್ರೆಯ ಡೋಸ್ ಕಿಲೋಗೆ 20–40 ಮಿಲಿಗ್ರಾಂ, ನುಂಗುವ ಫಿಲ್ಮ್ ಲೇಪಿತ ಮಾತ್ರೆಯದು 14–28. ಕರಗಿಸುವುದರ ಬದಲು ನುಂಗುವುದನ್ನು ಅದೇ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೆ ಡೋಸ್ ಹೆಚ್ಚಾಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ತಿರುಗಾಮುರುಗಾ ಆದರೆ ಔಷಧ ಸಾಲದು. ಔಷಧಿ ಅಂಗಡಿಯಲ್ಲಿ ಬ್ರ್ಯಾಂಡ್ ಬದಲಾದಾಗಲೆಲ್ಲ ಇದನ್ನು ಓದಿ ನೋಡಬೇಕು, ಮೂತ್ರಪಿಂಡದ ಸ್ಥಿತಿ ತಿಳಿಯಲು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು.

ಕಬ್ಬಿಣದ ಭಯಕ್ಕೆ ರಕ್ತ ಹಾಕಿಸುವುದನ್ನೇ ಮುಂದೂಡುವವರಿದ್ದಾರೆ. ನಿಯಮಿತವಾಗಿ ರಕ್ತ ಬೇಕಾಗುವ ತೀವ್ರ ರೂಪವಾದ ಥಲಸ್ಸೀಮಿಯಾ ಮೇಜರ್‌ನಲ್ಲಿ ಇದು ತಿರುಗುಬಾಣ. ಮುಂದಿನ ರಕ್ತ ಏರಿಸುವ ಹೊತ್ತಿಗೆ ಎಚ್‌ಬಿ 9.5ರ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಬಹಳ ಕೆಳಗಿಳಿದರೆ ಮಜ್ಜೆ ಹಿಗ್ಗುತ್ತದೆ, ಗುಲ್ಮ ದೊಡ್ಡದಾಗುತ್ತದೆ, ಕರುಳಿನ ಹೀರಿಕೆಯೂ ಏರುತ್ತದೆ.

ಊಟದ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಚಿಂತೆ ಮಾಡುತ್ತೇವೆ. ಕಬ್ಬಿಣ ಬೆರೆಸಿದ ಸಾರವರ್ಧಿತ ಅಕ್ಕಿಯಲ್ಲಿ ಕಿಲೋಗೆ 28–42.5 ಮಿಲಿಗ್ರಾಂ ಕಬ್ಬಿಣ ಇರುತ್ತದೆ. 300 ಗ್ರಾಂ ಉಂಡರೆ 8–13 ಮಿಲಿಗ್ರಾಂ, ಅದರಲ್ಲೂ ಒಳಗೆ ಸೇರುವುದು ಅಲ್ಪಭಾಗ. ಒಂದು ಯೂನಿಟ್ ರಕ್ತದ ಮುಂದೆ ಇದು ಏನೂ ಅಲ್ಲ. ಇಂಟರ್‌ಮೀಡಿಯಾದವರ ಕರುಳು ಹೆಚ್ಚು ಹೀರುವುದರಿಂದ ಅವರು ವೈದ್ಯರನ್ನು ಕೇಳುವುದು ಒಳ್ಳೆಯದು. ಊಟದ ಜೊತೆ ಚಹಾ ಕುಡಿದರೆ ಹೀರಿಕೆ ತಗ್ಗುತ್ತದೆ. ಸೊಪ್ಪು, ರಾಗಿ ಬಿಡಿಸುವ ಅಗತ್ಯವಿಲ್ಲ. ಬಿಡಬೇಕಾದದ್ದು ಐರನ್ ಟಾನಿಕ್, ಕಬ್ಬಿಣ ಬೆರೆತ ಮಲ್ಟಿವಿಟಮಿನ್, ವೈದ್ಯರು ಹೇಳದ ವಿಟಮಿನ್ ಸಿ ಮಾತ್ರೆ. ಶಾಲೆಯಲ್ಲಿ ಹದಿಹರೆಯದವರಿಗೆ ಹಂಚುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಥಲಸ್ಸೀಮಿಯಾ ಮೇಜರ್ ಇರುವ, ಪದೇಪದೇ ರಕ್ತ ಪಡೆಯುವ ಮಕ್ಕಳಿಗೆ ಅದನ್ನು ಕೊಡಬಾರದೆಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ, ಹಾಗಾಗಿ ಕ್ಲಾಸ್ ಟೀಚರಿಗೆ ಬರೆದುಕೊಡಿ. ವೈದ್ಯರು ಫೋಲಿಕ್ ಆಸಿಡ್ ಬರೆದಿದ್ದರೆ ಬರೀ ಫೋಲಿಕ್ ಇರುವ ಮಾತ್ರೆಯನ್ನೇ ಕೇಳಿ ತೆಗೆದುಕೊಳ್ಳಿ. ಅಂಗಡಿಯವರು ಕೈಗಿಡುವ ಜೋಡಿ ಮಾತ್ರೆಯಲ್ಲಿ ಕಬ್ಬಿಣವೂ ಇರುತ್ತದೆ.